ತಗಡಿನ ಮನೆಯ ಬಿಳಿ ತೊಟ್ಟಿ

ಕೊರೋನಾದ ಎರಡನೇ ಅಲೆ ಇಳಿದ ಮಾರನೇ ವರ್ಷ ಅದು. ಕುಮಟಾದ ಒಂದು ಮಕ್ಕಳ ಪಾಲನಾ ಕೇಂದ್ರದಲ್ಲಿ ನಾನು ಆಪ್ತ ಸಮಾಲೋಚಕಿಯಾಗಿ ಸೇರಿ ಹನ್ನೊಂದು ವರ್ಷ ಆಗಿತ್ತು. ಮನೆಯಲ್ಲಿ ಇರಲಾಗದ, ಅಥವಾ ಇರಬಾರದ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯವರು ಕೆಲವು ವಾರ, ಕೆಲವು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಕಳಿಸುತ್ತಿದ್ದರು. ಹೆದರಿ ಬಾಯಿ ಕಟ್ಟಿಹೋದ ಮಕ್ಕಳ ಜೊತೆ ಕೂತು, ಅವರಿಗೆ ಏನಾಗಿದೆ ಎಂದು ತಿಳಿಯುವುದು ನನ್ನ ಕೆಲಸ. ಇದಕ್ಕೆ ಪ್ಲೇ ಥೆರಪಿ ಎನ್ನುತ್ತಾರೆ. ಮಗುವಿನ ಮುಂದೆ ಆಟಿಕೆ ಇಟ್ಟು ಸುಮ್ಮನೆ ಕೂರಬೇಕು, ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತದೆ, ಅದನ್ನು ಬರೆದುಕೊಳ್ಳಬೇಕು. ಬರೆದುಕೊಳ್ಳುವುದು ನನಗೆ ಹೇಳಿಕೊಡಬೇಕಾದ ಕೆಲಸವಾಗಿರಲಿಲ್ಲ. ಮದುವೆಯಾದ ವರ್ಷದಿಂದ ಹಾಲು ಎಷ್ಟು ಹೊತ್ತಿಗೆ ಬಂತು, ಯಾವ ಮೀನು ತಂದೆವು, ಬಾವಿ ಎಷ್ಟು ಮೆಟ್ಟಿಲು ಇಳಿಯಿತು ಎಂದೆಲ್ಲ ನೋಟುಬುಕ್ಕಿನಲ್ಲಿ ಬರೆದಿಡುವವಳು ನಾನು. ಮನೆಯವರು ನಗುತ್ತಿದ್ದರು. ಆ ವರ್ಷದ ನಂತರ ನಗುವುದು ಬಿಟ್ಟರು.

ನಮ್ಮ ಆಟದ ಕೋಣೆ ಹತ್ತಡಿಗೆ ಹನ್ನೆರಡಡಿ. ಅದರ ನಡುವೆ ಒಂದು ತಗಡಿನ ಗೊಂಬೆಮನೆ. ಅದು ಬಂದದ್ದು ಓಂ ಬೀಚಿನ ದಾರಿಯಿಂದ. ಚಳಿಗಾಲ ಶುರುವಾದರೆ ಅಲ್ಲಿಯ ಒಂದು ಗೆಸ್ಟ್ ಹೌಸಿಗೆ ರೂತ್ ಎಂಬ ಅಮೆರಿಕದ ಮುದುಕಿ ಬರುತ್ತಿದ್ದರು. ವಯಸ್ಸು ಎಪ್ಪತ್ತರ ಮೇಲೆ. ತಮ್ಮೂರಿನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ವಾರಕ್ಕೊಮ್ಮೆ ಬಸ್ಸು ಹಿಡಿದು ಕುಮಟಾಕ್ಕೆ ಬಂದು ನಮ್ಮ ಮಕ್ಕಳಿಗೆ ಚಿತ್ರ ಬರೆಸುತ್ತಿದ್ದರು. ಅಡುಗೆಯ ನಾಗವೇಣಿ ಅವರನ್ನು ‘ರೂತಮ್ಮ’ ಮಾಡಿದಳು, ಹಾಗೇ ಉಳಿಯಿತು. ಕೊರೋನಾಕ್ಕೆ ಮೊದಲಿನ ಒಂದು ಡಿಸೆಂಬರಿನಲ್ಲಿ ಅವರು ಸೂಟ್‌ಕೇಸಿನಿಂದ ತಗಡಿನ ಹಲಗೆಗಳನ್ನು ತೆಗೆದು, ಅಂಚಿನ ಕೊಕ್ಕೆ ಮಡಿಚಿ ಮಡಿಚಿ, ಅರ್ಧ ಗಂಟೆಯಲ್ಲಿ ಮನೆ ನಿಲ್ಲಿಸಿದರು. ಎರಡು ಮಾಳಿಗೆ, ಐದು ಕೋಣೆ. ಗೋಡೆಯ ಮೇಲೆಯೇ ಪರದೆ, ಗಡಿಯಾರ, ಪಟ ಎಲ್ಲ ಅಚ್ಚಾಗಿದ್ದವು. ಒಳಗೆ ಪ್ಲಾಸ್ಟಿಕ್ಕಿನ ಮಂಚ, ಮೇಜು, ಒಲೆ, ನಿಲ್ಲಿಸುವ ದೀಪದ ಕಂಬ, ಒಂದು ಬಿಳಿ ಸ್ನಾನದ ತೊಟ್ಟಿ. ಅಪ್ಪ, ಅಮ್ಮ, ಮಗ, ಮಗಳು, ಕೂಸು ಸೇರಿ ಐದು ಗೊಂಬೆ.

“ನನಗೆ ಆರು ವರ್ಷವಿದ್ದಾಗ ಕ್ರಿಸ್‌ಮಸ್ಸಿಗೆ ಬಂದದ್ದು,” ಎಂದರು. ಮಕ್ಕಳು ಚಿತ್ರ ಬರೆಯುವಾಗ ಅವರು ತಮ್ಮ ದೇಶದ ಆಟಿಕೆಗಳ ಕಥೆ ಹೇಳುತ್ತಿದ್ದರು. ಅವರ ಅಜ್ಜಿ ಮುಸುಕಿನ ಜೋಳದ ಸಿಪ್ಪೆ ನೆನೆಸಿ, ಸುತ್ತಿ, ಗೊಂಬೆ ಕಟ್ಟಿಕೊಳ್ಳುತ್ತಿದ್ದರಂತೆ. ಕಣ್ಣು ಮೂಗು ಬರೆಯುತ್ತಿರಲಿಲ್ಲವಂತೆ. ತಾಯಿಯ ಕಾಲಕ್ಕೆ ಚಿಂದಿಬಟ್ಟೆಯ ಗೊಂಬೆ. ಮಹಾಯುದ್ಧದಲ್ಲಿ ತಗಡೆಲ್ಲ ಸೈನ್ಯಕ್ಕೆ ಹೋಗಿ ಮಕ್ಕಳಿಗೆ ರಟ್ಟು, ಮರ ಅಷ್ಟೇ ಸಿಕ್ಕಿತು. ಯುದ್ಧ ಮುಗಿದದ್ದೇ ತಡ, ಅದೇ ತಗಡು ಮನೆಯಾಗಿ, ರೈಲಾಗಿ, ಪಿಸ್ತೂಲಾಗಿ ಅಂಗಡಿಗೆ ಬಂತು. ಹುಡುಗರ ಸೊಂಟದಲ್ಲೆಲ್ಲ ಕೇಪು ಹೊಡೆಯುವ ಪಿಸ್ತೂಲು. ರೂತಮ್ಮನ ಅಣ್ಣ ಅವರನ್ನು ಮರಕ್ಕೆ ಕಟ್ಟಿ ಗುಂಡು ಹೊಡೆಯುವ ಆಟ ಆಡಿ, ಹಗ್ಗ ಬಿಚ್ಚುವುದು ಮರೆತು ಊಟಕ್ಕೆ ಹೋಗಿದ್ದನಂತೆ. ಮೊಣಕೈಯ ಕಲೆ ತೋರಿಸಿದರು. “ಮಕ್ಕಳು ಏನಾಗಬೇಕು ಎಂದು ದೊಡ್ಡವರು ಬಯಸುತ್ತಾರೋ ಅದೇ ಅಂಗಡಿಯಲ್ಲಿ ಇರುತ್ತದೆ. ಹುಡುಗನಿಗೆ ಪಿಸ್ತೂಲು, ಹುಡುಗಿಗೆ ಬಚ್ಚಲು,” ಎಂದು ಆ ಬಿಳಿ ತೊಟ್ಟಿಯನ್ನು ಅಂಗೈಯಲ್ಲಿಟ್ಟು ನಕ್ಕರು.

ಬೆಂಗಳೂರಿನ ತರಬೇತಿಯಲ್ಲೂ ನಮಗೆ ಇಂಥದೇ ಗೊಂಬೆಮನೆ ತೋರಿಸಿದ್ದರು. ಈ ವಿಧಾನ ಬೆಳೆದದ್ದೇ ಆ ಕಡೆಯ ದೇಶಗಳಲ್ಲಿ. ಹಾಗಾಗಿ ನಮ್ಮ ಕೋಣೆಯಲ್ಲಿ ಅದು ಬಂದು ನಿಂತಾಗ ನನಗೆ ಹೆಮ್ಮೆಯೇ ಆಯಿತು. ಅಲ್ಲಿಯವರೆಗೆ ಇದ್ದ ತೆಂಗಿನ ಗರಟೆ, ಕಪ್ಪೆಚಿಪ್ಪು, ಹೊಂಬಾಳೆಯ ಹೊದಿಕೆಗಳ ಬುಟ್ಟಿಯನ್ನು ಮೂಲೆಗೆ ಸರಿಸಿದೆ.

ಇನ್ನು ಪ್ರಕರಣಕ್ಕೆ ಬರುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ನವೆಂಬರಿನ ಒಂದು ಮಂಗಳವಾರ, ಮಧ್ಯಾಹ್ನ ಮೂರರ ಹೊತ್ತಿಗೆ, ಹೊನ್ನಾವರದ ಹತ್ತಿರ ಶರಾವತಿ ಸಮುದ್ರ ಸೇರುವಲ್ಲಿರುವ ಮಾವಿನಕುರ್ವೆ ನಡುಗಡ್ಡೆಯಲ್ಲಿ ಲಲಿತಾ ಎಂಬ ಇಪ್ಪತ್ತೇಳರ ಹೆಂಗಸು ತನ್ನ ಅಣ್ಣನ ಮನೆಯ ಹಿಂದಿನ ಬಚ್ಚಲಲ್ಲಿ ಸತ್ತುಬಿದ್ದಿದ್ದಳು. ಬಚ್ಚಲೆಂದರೆ ನದಿಯ ಕಡೆಗೆ ಬಾಯಿ ಮಾಡಿದ, ಸೋಗೆ ಕಟ್ಟಿದ ಮರೆ. ಎಡಗಿವಿಯ ಹಿಂದೆ ತಲೆಬುರುಡೆ ಒಳಗೆ ಕುಸಿದಿತ್ತು. ಎಡಗೈಯ ಮೂರು ಬೆರಳು ಮುರಿದಿದ್ದವು. ಏಟಿಗೆ ಕೈ ಅಡ್ಡ ಹಿಡಿದಿದ್ದಳು. ಬಚ್ಚಲ ಮೂಲೆಯಲ್ಲಿ ಕಟ್ಟಿಗೆ ಒಟ್ಟಿನ ಪಕ್ಕ ಅವಳ ಆರು ವರ್ಷದ ಮಗಳು ಪವಿ ಕೂತಿದ್ದಳು. ಅಂಗಿಯ ಮುಂಭಾಗ ರಕ್ತ ಒಣಗಿ ರಟ್ಟಿನಂತಾಗಿತ್ತು.

ಲಲಿತಾ ಗಂಡನ ಹೊಡೆತ ತಾಳದೆ ನಾಲ್ಕು ತಿಂಗಳಿಂದ ಅಣ್ಣ ಗಣಪತಿಯ ಮನೆಯಲ್ಲಿದ್ದಳು. ಗಂಡ ದಯಾನಂದ ನದಿಯ ಆಚೆ ದಡದವನು. ಅವನು ಬದಲಾಗಿದ್ದಾನೆ, ವಾಪಸು ಹೋಗುತ್ತೇನೆ ಎಂದು ಲಲಿತಾ ಹಟ ಹಿಡಿದಿದ್ದಳು. ಆ ದಿನ ಬೆಳಿಗ್ಗೆ ಅಣ್ಣ–ತಂಗಿಗೆ ಜೋರು ಜಗಳ ನಡೆದು, ಗಣಪತಿ ತುಂಬಿದ ಕೊಡವನ್ನು ಅಂಗಳಕ್ಕೆ ಎಸೆದದ್ದನ್ನು ಅಕ್ಕಪಕ್ಕದವರು ನೋಡಿದ್ದರು. ಆಮೇಲೆ ಅವನು ಮೀನು ಮಾರಲು ಹೊನ್ನಾವರಕ್ಕೆ ಹೋದ. ಮೂರಕ್ಕೆ ಬಂದು, ತಂಗಿಯನ್ನು ಕಂಡು, ಎತ್ತಿಕೊಂಡು ಕೂಗುತ್ತ ಅಂಗಳಕ್ಕೆ ಬಂದ. ಜನ ಕಂಡದ್ದು ರಕ್ತದಲ್ಲಿ ತೊಯ್ದ ಅಂಗಿಯ ಗಣಪತಿಯನ್ನು. ಬೆಳಗಿನ ಕೊಡ ಎಲ್ಲರ ಕಣ್ಣಲ್ಲಿತ್ತು. ನೈಲಾನ್ ಹಗ್ಗದಲ್ಲಿ ಅವನನ್ನು ತೆಂಗಿನಮರಕ್ಕೆ ಬಿಗಿದು ಹೊಡೆದರು. ಪೊಲೀಸರು ದೋಣಿಯಲ್ಲಿ ನದಿ ದಾಟಿ ಬರುವಷ್ಟರಲ್ಲಿ ಅವನ ಎರಡು ಹಲ್ಲು ಹೋಗಿ, ಬಲಗಿವಿಯಿಂದ ರಕ್ತ ಇಳಿಯುತ್ತಿತ್ತು. ಹೊಡೆದವರಲ್ಲಿ ಅವನ ಜೊತೆ ಒಂದೇ ಬಲೆ ಎಳೆದವರೂ ಇದ್ದರು.

ದಯಾನಂದ ಆ ದಿನ ಭಟ್ಕಳದ ಬಂದರಿಗೆ ಬಲೆ ತರಲು ಹೋಗಿದ್ದೆ ಎಂದ. ಇಬ್ಬರು ಗೆಳೆಯರು ಹೌದೆಂದರು. ಹೊನ್ನಾವರಕ್ಕೆ ಹೋಗುವ ಮೊದಲೇ ಹೊಡೆದಿದ್ದಾನೆ ಎಂದು ಪೊಲೀಸರು ತೀರ್ಮಾನಿಸಿ ಗಣಪತಿಯನ್ನು ಕಾರವಾರದ ಜೈಲಿಗೆ ಕಳಿಸಿದರು. ಪವಿ ನಮ್ಮಲ್ಲಿಗೆ ಬಂದಳು.

ಬಂದ ದಿನ ಅಂಗಿ ಬದಲಿಸಲು ಹೋದ ನನ್ನ ಮಣಿಕಟ್ಟನ್ನು ಹಲ್ಲು ಇಳಿಯುವ ಹಾಗೆ ಕಚ್ಚಿದಳು. ಎರಡನೇ ದಿನ ಸ್ಟೀಲ್ ಲೋಟ ಬೀಸಿ ಇನ್ನೊಂದು ಹುಡುಗಿಯ ಹುಬ್ಬು ಒಡೆದಳು. ಮೂರನೇ ದಿನ ರಬ್ಬರ್ ಗೊಂಬೆಯೊಂದರ ಕಾಲು ಹಿಡಿದು ಹೊಸ್ತಿಲಿಗೆ ಬಡಿದಳು, ಬಡಿದಳು, ತಲೆ ಕಳಚಿ ಬೀಳುವವರೆಗೂ ಬಡಿದಳು. ಆಮೇಲೆ ತಲೆಯನ್ನು ಎತ್ತಿ ಕುತ್ತಿಗೆಗೆ ಸೇರಿಸಲು ನೋಡಿದಳು. ಒಂದು ಮಾತಿಲ್ಲ. ಅಳುವೂ ಇಲ್ಲ. ನಾಗವೇಣಿ ಒಬ್ಬಳೇ ಅವಳಿಗೆ ಗಂಜಿ ತಿನ್ನಿಸಬಲ್ಲವಳು. “ಕಚ್ಚು, ಕಚ್ಚು. ನಂದು ಎಂತಾ ಕರಿ ಮಾಂಸ, ರುಚಿ ಇಲ್ಲೆ ಹೇಳಿ ನೀನೇ ಬಿಡ್ತೆ,” ಎನ್ನುತ್ತ ಬಾಯಿಗೆ ತುತ್ತು ಹಾಕುತ್ತಿದ್ದಳು.

ಎಂಟನೇ ದಿನ ಬೆಳಿಗ್ಗೆ ಹತ್ತೂವರೆಗೆ ಪವಿ ತಾನಾಗಿ ತಗಡಿನ ಮನೆಯ ಮುಂದೆ ಕೂತಳು. ನಾನು ಗೋಡೆಗೆ ಒರಗಿ ನೋಟುಬುಕ್ ತೆಗೆದೆ. ಅವಳು ಮೇಲಿನ ಕೋಣೆಯಿಂದ ಬಿಳಿ ತೊಟ್ಟಿಯನ್ನು ತೆಗೆದು ನೆಲಕ್ಕಿಟ್ಟಳು. ಅಮ್ಮ ಗೊಂಬೆಯನ್ನು ಅದರೊಳಗೆ ಕೂರಿಸಿದಳು. ಮಗಳ ಗೊಂಬೆಯನ್ನು ಒಂದು ತುದಿಗೆ, ಅಪ್ಪನ ಗೊಂಬೆಯನ್ನು ಇನ್ನೊಂದು ತುದಿಗೆ ನಿಲ್ಲಿಸಿದಳು. ಐದು ಗೊಂಬೆಯಲ್ಲಿ ದೊಡ್ಡ ಗಂಡಸು ಅದೊಂದೇ, ಯಾವ ಗಂಡಸೂ ಆಗಬಹುದು. ದೀಪದ ಕಂಬವನ್ನು ಅದರ ಕೈಗೆ ತಾಗಿಸಿ ಹಿಡಿದು, ಅಮ್ಮ ಗೊಂಬೆಯ ತಲೆಗೆ ಹೊಡೆದಳು. ಟಕ್. ಟಕ್. ಮೂರನೆಯದಕ್ಕೆ ಕಂಬ ತುಂಡಾಯಿತು. ಅಮ್ಮ ಗೊಂಬೆಯನ್ನು ಮಲಗಿಸಿ, ತೊಟ್ಟಿಯ ಅಂಚನ್ನು ಬೆರಳಿಂದ ಒರೆಸಿದಳು.

ನಾನು ವರದಿ ಬರೆದೆ: ‘ಸ್ನಾನದ ಸ್ಥಳದಲ್ಲಿ ಗಂಡಸೊಬ್ಬ ಉದ್ದನೆಯ ವಸ್ತುವಿನಿಂದ ತಾಯಿಗೆ ಹೊಡೆದುದನ್ನು ಮಗು ಆಡಿ ತೋರಿಸಿದೆ. ಮಗುವೂ ಅಲ್ಲೇ ಇತ್ತು.’ ಪೊಲೀಸರಿಗೆ ಬೇಕಾದದ್ದು ಅದೇ. ಬಚ್ಚಲು ಗಣಪತಿಯದು; ಬಚ್ಚಲಲ್ಲಿ ರಕ್ತ ಹತ್ತಿದ ಕಟ್ಟಿಗೆ ಸಿಕ್ಕಿತ್ತು; ಆ ಮನೆಯಲ್ಲಿ ಬೇರೆ ಗಂಡಸಿಲ್ಲ. ಗಣಪತಿಯ ಜಾಮೀನು ಅರ್ಜಿ ಬಂದಾಗ ನನ್ನ ಒಂದು ಪುಟವನ್ನೂ ಲಗತ್ತಿಸಿದರು. ಜಾಮೀನು ಸಿಗಲಿಲ್ಲ. ಆ ಸಂಜೆ ನಾನು ಮನೆಯಲ್ಲಿ ಹೇಳಿಕೊಂಡೆ, ಹನ್ನೊಂದು ವರ್ಷದಲ್ಲಿ ನನ್ನ ಕೆಲಸಕ್ಕೆ ಇಷ್ಟು ತೂಕ ಬಂದದ್ದು ಇದೇ ಮೊದಲು ಅಂತ.

ಮರುದಿನವೇ ದಯಾನಂದ ಮಗಳನ್ನು ನೋಡಲು ಬಂದ. ಮೃದು ಮಾತಿನವನು. ಹೊನ್ನಾವರದ ಅಂಗಡಿಯಿಂದ ರಿಮೋಟಿನ ಕೆಂಪು ಕಾರು ತಂದಿದ್ದ. “ಅಕ್ಕೋರೆ, ನಂಗೆ ಈಗ ಅದೊಂದೇ ಉಳ್ದದ್ದು. ಬೇಗ ಕೊಡ್ಸಿ,” ಎಂದು ಕಣ್ಣೊರೆಸಿದ. ಟೀಚರ್, ದಾದಿ, ನನ್ನಂಥವರು, ನಮ್ಮ ಕಡೆ ಎಲ್ಲರೂ ಅಕ್ಕೋರೇ. ಪವಿ ಮೇಜಿನ ಕೆಳಗೆ ಹೋಗಿ ಕೂತಳು; ಅಲ್ಲೇ ಉಚ್ಚೆ ಹೊಯ್ದುಕೊಂಡಳು. ಆಘಾತದಲ್ಲಿರುವ ಮಗು ಹೀಗೆ ಮಾಡುವುದುಂಟು ಎಂದು ನಾನೇ ಅವನನ್ನು ಸಮಾಧಾನ ಮಾಡಿದೆ. ಚಹಾ ಕೊಟ್ಟೆ. “ಅಪ್ಪ ಮಗಾ, ಹೆದರ್ತಾರಾ?” ಎಂದು ಅವಳ ಕೈ ಹಿಡಿದು ಎಳೆದೆ ಕೂಡ. ಅದನ್ನೂ ನೋಟುಬುಕ್ಕಿನಲ್ಲಿ ಬರೆದಿದ್ದೇನೆ. ಅದರ ಕೆಳಗೆ ಇನ್ನೊಂದು ಸಾಲು: ‘ಬಿಳಿ ಚಹಾ ಕಪ್ಪಿನ ಹಿಡಿಗೆ ಕರಿ ಕಲೆ. ನಾಗವೇಣಿ ಬೈಯುತ್ತಿದ್ದಾಳೆ.’ ಡಿಸೆಂಬರ್ ಮೂರನೇ ಸೋಮವಾರ ಸಮಿತಿಯ ಸಭೆ. ಮಗಳನ್ನು ಅಪ್ಪನಿಗೆ ಒಪ್ಪಿಸುವುದು ಬಹುತೇಕ ಖಚಿತವಾಗಿತ್ತು.

ಆ ಡಿಸೆಂಬರಿನಲ್ಲೇ, ಮೂರು ವರ್ಷ ಬಿಟ್ಟು, ರೂತಮ್ಮ ಮತ್ತೆ ಬಂದರು. ಕೋಲು ಹಿಡಿದಿದ್ದರು. ಮೂಲೆಗೆ ಸೇರಿದ್ದ ಗರಟೆಯ ಬುಟ್ಟಿ ಕಂಡು ನಕ್ಕರು. “ಮೊದಲ ಸಲ ಬಂದಾಗ ಇವು ಗೊಂಬೆಗಳ ಟೋಪಿ ಎಂದುಕೊಂಡಿದ್ದೆ. ಗರಟೆಯಲ್ಲಿ ಅನ್ನ ಬೇಯುತ್ತದೆ ಎಂದು ನಿಮ್ಮ ಮಕ್ಕಳು ನನಗೆ ಕಲಿಸಿದರು,” ಎಂದರು. ನಾನೂ ನಕ್ಕೆ. ಬುಟ್ಟಿ ಮೂಲೆಯಲ್ಲೇ ಉಳಿಯಿತು.

ಸಭೆಗೆ ಎರಡು ದಿನ ಮುಂಚಿನ ಶನಿವಾರ. ಭಟ್ಕಳದ ಹೆಂಗಸೊಬ್ಬರು ಕುಟುಂಬ ಸಲಹೆಗೆಂದು ಪ್ರತಿ ಶನಿವಾರ ನಮ್ಮಲ್ಲಿಗೆ ಬರುತ್ತಿದ್ದರು. ಅವರು ಒಳಗೆ ಮಾತಾಡುವಾಗ ಎಂಟು ವರ್ಷದ ಮಗಳು ಸಫಾ ಆಟದ ಕೋಣೆಯಲ್ಲಿ ಇರುತ್ತಿದ್ದಳು. ಬಾಯಿಬಡುಕಿ. ಪವಿ ಹೊಡೆದರೆ ತಿರುಗಿ ಹೊಡೆಯುತ್ತಿದ್ದವಳು ಅವಳೊಬ್ಬಳೇ. ಅದಕ್ಕೇ ಏನೋ ಪವಿ ಅವಳನ್ನು ಹತ್ತಿರ ಬಿಟ್ಟುಕೊಂಡಿದ್ದಳು. ನಾನು ಕಪಾಟಿನ ಹತ್ತಿರ ಬಟ್ಟೆ ಮಡಿಸುತ್ತಿದ್ದೆ.

ಪವಿ ಬಿಳಿ ತೊಟ್ಟಿಯನ್ನು ನೆಲದ ಮೇಲೆ ಮುಂದಕ್ಕೆ ತಳ್ಳುತ್ತಿದ್ದಳು. ಸಫಾ ಕಿತ್ತುಕೊಂಡಳು. “ಅರೇ, ಹಾಗೆ ಓಡ್ಸೋದಲ್ಲ ಅದು. ಟಬ್ ಇದು, ನಹಾನೇ ಕಾ, ಸ್ನಾನದ್ದು! ನಮ್ಮ ಮಾಮೂದು ದುಬೈ ಮನೇಲಿ ಉಂಟು. ವಿಡಿಯೋದಲ್ಲಿ ನಾ ನೋಡಿದ್ದೆ. ಇಲ್ಲಿ ನಲ್ಲಿ, ಇಲ್ಲಿ ನೀರು. ತಿಳೀತಾ ಪಾಗಲ್?”

ಪವಿ ಅವಳ ಕೂದಲು ಹಿಡಿದಳು. ಸಫಾ ಕಿರುಚಿದಳು. ನಾನು ಬಟ್ಟೆ ಬಿಟ್ಟು ಓಡುವಷ್ಟರಲ್ಲಿ ಒಂದು ದನಿ ಕೇಳಿತು. ಗೊಗ್ಗರು ದನಿ, ತಿಂಗಳಿಂದ ಬಳಸದ್ದು.

“ದೋಣಿ!”

ಸಫಾ ಅಳು ನಿಲ್ಲಿಸಿ ನೋಡಿದಳು. ಪವಿ ತೊಟ್ಟಿಯನ್ನು ಎದೆಗೆ ಒತ್ತಿಕೊಂಡು ಮತ್ತೆ ಹೇಳಿದಳು. “ಟಬ್ ಅಲ್ಲ. ದೋಣಿ.”

ನಾನು ಕುಮಟಾದ ಹತ್ತಿರದ ಬಾಡ ಎಂಬ ಊರಿನವಳು. ನಮ್ಮ ಮನೆಯಿಂದ ಸಮುದ್ರ ಇನ್ನೂರು ಹೆಜ್ಜೆ. ತೆಂಗಿನ ಹೊಂಬಾಳೆಯ ಒಣಗಿದ ಹೊದಿಕೆಯನ್ನು ಕೊಚ್ಚೆನೀರಲ್ಲಿ ದೋಣಿ ಮಾಡಿ ಬಿಟ್ಟು ಬೆಳೆದವಳು. ಸ್ನಾನದ ತೊಟ್ಟಿಯನ್ನು ನಾನೂ ಕಣ್ಣಾರೆ ಕಂಡದ್ದು ನಲವತ್ತರ ಮೇಲೆ, ತರಬೇತಿಗೆ ಹೋದಾಗ, ಹೋಟೆಲಿನಲ್ಲಿ. ಮಾವಿನಕುರ್ವೆಯ ಆರು ವರ್ಷದ ಮಗು ಎಲ್ಲಿ ಕಂಡೀತು? ಅದಕ್ಕೆ ತುದಿ ಎತ್ತಿದ, ಒಳಗೆ ಟೊಳ್ಳಾದ, ಉದ್ದನೆಯ ವಸ್ತು ಅಂದರೆ ಒಂದೇ. ನೋಟುಬುಕ್ ತೆಗೆದು ಹಳೆಯ ಪುಟ ನೋಡಿದೆ. ನಾನೇ ಬರೆದ ಪುಟ್ಟ ಚಿತ್ರವಿತ್ತು: ನಡುವೆ ಹೆಂಗಸು ಕೂತಿದ್ದಾಳೆ, ಮಗು ಮುಂದಿನ ತುದಿಯಲ್ಲಿ, ಗಂಡಸು ಹಿಂದಿನ ತುದಿಯಲ್ಲಿ ಕೈಯಲ್ಲಿ ಉದ್ದ ಕಂಬ ಹಿಡಿದು ನಿಂತಿದ್ದಾನೆ. ನಮ್ಮ ಹೊಳೆಯಲ್ಲಿ ದಿನಾ ಕಾಣುವ ನೋಟ. ಯಾರು ಬಚ್ಚಲಲ್ಲಿ ಹಾಗೆ ನಿಲ್ಲುತ್ತಾರೆ? ಅದನ್ನು ಬರೆದವಳು ನಾನೇ. ಬರೆಯುತ್ತಿರುವಾಗಲೂ ನನಗೆ ಕಾಣಲಿಲ್ಲ.

ಇಂಥ ಹೊತ್ತಿನಲ್ಲಿ ಮಗುವಿಗೆ ‘ಅಪ್ಪನಾ ಹೊಡೆದದ್ದು?’ ಎಂದು ಕೇಳಬಾರದು. ಕೇಳಿದರೆ ನಮ್ಮ ಉತ್ತರವನ್ನು ಅದರ ಬಾಯಿಗೆ ತುರುಕಿದಂತೆ. ಸಫಾಳನ್ನು ತಾಯಿಯ ಹತ್ತಿರ ಕಳಿಸಿ, ಮೂಲೆಯ ಬುಟ್ಟಿ ತಂದು ನೆಲಕ್ಕೆ ಸುರಿದೆ. ಗರಟೆ, ಚಿಪ್ಪು, ಹೊಂಬಾಳೆಯ ಹೊದಿಕೆ, ಪೊರಕೆಯ ಹಿಡಿಕಡ್ಡಿ, ಚಿಂದಿಬಟ್ಟೆ. “ಇವೆಲ್ಲ ಎಂತೆಂತ, ನಂಗೆ ಹೇಳ್ತ್ಯಾ?” ಎಂದೆ, ಅಷ್ಟೇ.

ಅವಳು ಹೊಂಬಾಳೆಯ ಹೊದಿಕೆ ಎತ್ತಿದಳು. “ದೋಣಿ.” ಹಿಡಿಕಡ್ಡಿ ಮುರಿದಳು. “ಜಲ್ಲೆ.” ದೋಣಿ ನೂಕುವ ಬಿದಿರ ಗಳುವಿಗೆ ನಮ್ಮಲ್ಲಿ ಜಲ್ಲೆ ಎನ್ನುತ್ತಾರೆ. ಗರಟೆ ಬೋರಲಿಟ್ಟಳು. “ಮಾವನ ಬಚ್ಚಲು.” ಆಮೇಲೆ ಚಿಂದಿ ಸುತ್ತಿ ಮೂರು ಗಂಟು ಕಟ್ಟಿ ದೋಣಿಯಲ್ಲಿಟ್ಟಳು. “ಆಯಿ. ನಾನು. ಅಪ್ಪ.”

ನಾನು ಬರೆಯುತ್ತ ಹೋದೆ. “ಕಾಂಡ್ಲಾ,” ಎಂದು ಚಿಪ್ಪುಗಳನ್ನು ಗುಡ್ಡೆ ಹಾಕಿದಳು; ಹೊಳೆಯ ನಡುವೆ ಉಪ್ಪುನೀರಲ್ಲಿ ಬೆಳೆಯುವ ಪೊದೆ ಅದು. ದೋಣಿ ಅದರ ಹತ್ತಿರ ಹೋಯಿತು. ಆಯಿ ಏನೋ ಹೇಳಿದಳು. ಅಪ್ಪ ಜಲ್ಲೆಯನ್ನು ನೀರಿಂದ ಎಳೆದ. “ಅಣ್ಣನ ಮನಿಗೆ ಹೋತ್ಯಾ? ಹೋಗು. ಹೋಗು. ಹೋಗು,” ಎಂದಳು ಪವಿ, ಗಂಡಸಿನ ಗಡಸು ದನಿಯಲ್ಲಿ. ಒಂದೊಂದು ‘ಹೋಗು’ವಿಗೂ ಕಡ್ಡಿ ಬಿತ್ತು. ಎರಡನೆಯ ಏಟಿಗೆ ಅವಳು ತನ್ನ ಎಡಗೈಯನ್ನು ತಲೆಯ ಮೇಲೆ ಅಡ್ಡ ಹಿಡಿದಳು. ಮುರಿದ ಮೂರು ಬೆರಳಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ದೋಣಿ ತಿರುಗಿ ಗರಟೆಯ ಹತ್ತಿರ ಬಂತು. ಚಿಂದಿಯ ಆಯಿಯನ್ನು ಕೂದಲು ಹಿಡಿದ ಹಾಗೆ ಎಳೆದು ಬಚ್ಚಲೊಳಗೆ ಹಾಕಿದಳು. ಚಿಂದಿಯ ಮಗಳನ್ನು ಪಕ್ಕದಲ್ಲಿಟ್ಟು, ತನ್ನ ಬಾಯಿಯ ಮೇಲೆ ಅಂಗೈ ಒತ್ತಿಕೊಂಡು ನನ್ನನ್ನೇ ನೋಡಿದಳು. ಗಂಟೆ ಹನ್ನೊಂದೂ ನಲವತ್ತು.

ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ. ನಾಗವೇಣಿ ಬಂಗಡೆ ಕೊಯ್ಯುತ್ತಿದ್ದಳು. “ನಾಗವೇಣಿ, ಅವತ್ತು ಕಪ್ಪಿಗೆ ಎಂತಾ ಕಲೆ ಆಗಿತ್ತೇ?”

“ಯಾವ್ದು, ಆ ಹುಡ್ಗಿ ಅಪ್ಪಂದಾ? ಗೇರೆಣ್ಣೆ ಅಕ್ಕೋರೆ. ಸಾಬೂನಿಗೆ ಹೋಗುದಿಲ್ಲ, ಬೂದಿಗೆ ಹೋಗುದಿಲ್ಲ. ಉಗುರೆಲ್ಲ ಕರಿ ಮಾಡ್ಕಂಡ್ ಬಂದಿತ್ತು. ನಮ್ಮನಿಯವ್ರೂ ದೋಣಿಗೆ ಹಚ್ದಾಗ ಹಂಗೇ.”

“ದೋಣಿಗೆ ಗೇರೆಣ್ಣೆ ಯಾವಾಗ ಹಚ್ಚುದು?”

ಅವಳು ನನ್ನನ್ನು ಮರುಳೆಯನ್ನು ನೋಡುವ ಹಾಗೆ ನೋಡಿದಳು. “ಮಳೆಗಾಲ್ದಲ್ಲಿ, ದೋಣಿ ಮೇಲೆ ಎಳ್ದಾಗ. ಬಾಡದಲ್ಲಿ ಹುಟ್ಟಿ ಅದ್ನೂ ಮರ್ತ್ರಾ?” ಎಂದವಳು ಕೈಯಲ್ಲಿದ್ದ ಮೀನನ್ನು ಹಾಗೇ ಬಿಟ್ಟಳು. “ಹೋಯ್... ಅದು ನವೆಂಬರು.”

ಮೀನು ಹೊಳೆಯಲ್ಲಿ ತುಂಬಿರುವ ಹೊತ್ತಿನಲ್ಲಿ ಯಾವ ಮೀನುಗಾರನೂ ಮರದ ದೋಣಿಯನ್ನು ದಡಕ್ಕೆ ಎಳೆದು ಗೇರುಬೀಜದ ಸಿಪ್ಪೆಯ ಆ ಕರಿ ಎಣ್ಣೆ ಬಳಿಯುವುದಿಲ್ಲ.

ಬಸ್ಸು ಹತ್ತಿ ಠಾಣೆಗೆ ಹೋದೆ. ತನಿಖೆ ಮಾಡುತ್ತಿದ್ದ ಅಧಿಕಾರಿ ಕೆಟ್ಟವರಲ್ಲ. ಮುಗಿದ ಕಡತ ಮತ್ತೆ ತೆರೆಯಬೇಕಾಗಿ ಬಂದ ಮನುಷ್ಯನ ಸಿಟ್ಟು ಅವರಿಗೆ. “ಮೇಡಂ, ಹೋದ ತಿಂಗಳು ಬಚ್ಚಲು ಅಂದ್ರಿ. ಈ ತಿಂಗಳು ದೋಣಿ. ಬರೋ ತಿಂಗಳು ವಿಮಾನ ಅಂತೀರಾ? ನಿಮ್ಮ ಕಾಗದ ಕೋರ್ಟಿನಲ್ಲಿದೆ.”

“ಆ ಕಾಗದ ತಪ್ಪು. ತಪ್ಪು ಮಗುವಿನದಲ್ಲ, ನನ್ನದು. ಹಾಗಂತ ಬರೆದು ರುಜು ಹಾಕಿ ಕೊಡುತ್ತೇನೆ. ಮಗುವನ್ನು ಮ್ಯಾಜಿಸ್ಟ್ರೇಟರ ಮುಂದೆ ನೀವೇ ಕೇಳಿಸಿ. ಅದಕ್ಕೆ ಮೊದಲು ಆ ದೋಣಿ ನೋಡಿ.”

“ನಿಮ್ಮ ಕೆಲಸ ಹೋಗಬಹುದು.”

“ಒಬ್ಬ ಮನುಷ್ಯ ಜೈಲಿನಲ್ಲಿದ್ದಾನೆ.”

ಬರೆದುಕೊಟ್ಟೆ. ಒಂದು ಪುಟಕ್ಕೆ ಬದಲಾಗಿ ನಾಲ್ಕು ಪುಟ. ಮೇಜಿನ ಕೆಳಗಿನ ಉಚ್ಚೆಯನ್ನೂ, ಕಪ್ಪಿನ ಕಲೆಯನ್ನೂ, ನಾನು ಅವಳ ಕೈ ಎಳೆದದ್ದನ್ನೂ ಬರೆದೆ.

ಸೋಮವಾರ ಬೆಳಿಗ್ಗೆ ಇಬ್ಬರು ಪೊಲೀಸರು ದಯಾನಂದನ ದೋಣಿ ನೋಡಲು ನದಿ ದಾಟಿದರಂತೆ. ಅವನು ದೂರದಿಂದ ಅವರನ್ನು ಕಂಡು ಬೈಕ್ ತಿರುಗಿಸಿದವನು ನೇರ ಕುಮಟಾಕ್ಕೆ ಬಂದ. ಒಂಬತ್ತೂ ಕಾಲು. ಗೇಟು ತೆಗೆದೇ ಇತ್ತು. ರೂತಮ್ಮ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಚಿತ್ರ ಬರೆಸುತ್ತಿದ್ದರು. ಪವಿ ನನ್ನ ಹತ್ತಿರ ಕೂತು ತಗಡಿನ ಮನೆಯ ಬಾಗಿಲು ತೆರೆದು ಮುಚ್ಚಿ ಮಾಡುತ್ತಿದ್ದಳು.

“ಎಂತಾ ಹೇಳ್ದೆ ನೀನು? ಹಾಂ? ಎಂತಾ ಹೇಳ್ದೆ?” ಎಂದುಕೊಂಡೇ ಒಳಗೆ ನುಗ್ಗಿದ. ಆ ಮೃದು ದನಿ ಎಲ್ಲೂ ಇರಲಿಲ್ಲ. ಪವಿ ಆಡಿ ತೋರಿಸಿದ್ದ ದನಿ ಅದು, ಅಕ್ಷರಕ್ಕೆ ಅಕ್ಷರ. ಅವಳ ತೋಳು ಹಿಡಿದು ಎತ್ತಿದ. ಭುಜ ಕಳಚಿದ ಶಬ್ದ ನನಗೆ ಕೇಳಿಸಿತು. ನಾನು ಅವನ ಕೈಗೆ ಜೋತುಬಿದ್ದೆ. ಮುಷ್ಟಿಯಿಂದ ನನ್ನ ಬಾಯಿಗೆ ಗುದ್ದಿದ. ನೆಲಕ್ಕೆ ಬಿದ್ದವಳು ಅವನ ಕಾಲು ತಬ್ಬಿಕೊಂಡೆ. ಅವನು ಇನ್ನೊಂದು ಕಾಲಿನಿಂದ ಝಾಡಿಸಿದ ಏಟು ತಗಡಿನ ಮನೆಗೆ ಬಿತ್ತು. ಕೊಕ್ಕೆಗಳು ಬಿಚ್ಚಿ ಗೋಡೆಗಳು ಹಾರಿದವು. ಒಂದು ಹಲಗೆ ನನ್ನ ಬಲ ಅಂಗೈಯನ್ನು ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಸೀಳಿತು. ರೂತಮ್ಮ ಕೋಲಿನಿಂದ ಅವನ ಬೆನ್ನಿಗೆ ಬಾರಿಸಿದರು. ಅವನು ತಿರುಗಿ ನೂಕಿದ. ಮುದುಕಿ ಗೋಡೆಗೆ ಬಡಿದು ಕುಸಿದು ಕೂತರು.

ಅಷ್ಟರಲ್ಲಿ ಬಾಗಿಲಿನಲ್ಲಿ ನಾಗವೇಣಿ. ಕೈಯಲ್ಲಿ ಬಂಗಡೆ ಕೊಯ್ಯುವ ಕತ್ತಿ. ಕೂಗಲಿಲ್ಲ. “ಹುಡ್ಗಿ ಬಿಡು,” ಎಂದಳು. “ನಾನು ದಿನಕ್ಕೆ ನೂರು ಕುತ್ಗಿ ಕೊಯ್ತೆ. ಇನ್ನೊಂದಕ್ಕೆ ನಂಗೆ ಭಾರ ಇಲ್ಲ.”

ಅವನು ನಕ್ಕು ಒಂದು ಹೆಜ್ಜೆ ಇಟ್ಟ. ಅವಳು ಕತ್ತಿ ಬೀಸಿದಳು. ಅವನ ಮುಂಗೈ ಸೀಳಿತು, ಹಿಡಿತ ತಪ್ಪಿ ಪವಿ ಕೆಳಗೆ ಬಿದ್ದಳು. ಅವನು ರಕ್ತ ಸುರಿಯುವ ಕೈ ಹಿಡಿದುಕೊಂಡು ಓಡಿದ. ಗೇಟಿನಲ್ಲಿ ಆಟೋದವರು ಕೆಡವಿ ಅವನ ಮೇಲೆ ಕೂತರು. ಅವರೂ ಹೊಡೆಯಲು ಶುರುಮಾಡಿದ್ದರು. ಬಾಯಲ್ಲಿ ರಕ್ತ ತುಂಬಿದ್ದ ನಾನು ಗೇಟಿನವರೆಗೆ ತೆವಳಿ ಬೇಡವೆಂದು ಕೂಗಿದೆ. ತೆಂಗಿನಮರಕ್ಕೆ ಕಟ್ಟಿದ್ದ ಇನ್ನೊಬ್ಬ ಮನುಷ್ಯ ಕಣ್ಣಿಗೆ ಕಟ್ಟಿದ್ದ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ದೋಣಿಯ ತಳದ ಹಲಗೆ ಬಿಚ್ಚಿದಾಗ ಗೇರೆಣ್ಣೆಯ ಕೆಳಗೆ, ಹಲಗೆ ಸೇರುವ ಸಂದಿಯಲ್ಲಿ, ರಕ್ತವೂ ಉದ್ದ ಕೂದಲೂ ಸಿಕ್ಕವು. ಭಟ್ಕಳದ ಸಾಕ್ಷಿ ಹೇಳಿದ್ದ ಗೆಳೆಯರು ಮಾತು ಬದಲಿಸಿದರು. ಪವಿ ಮ್ಯಾಜಿಸ್ಟ್ರೇಟರ ಮುಂದೆ ಭುಜಕ್ಕೆ ಪಟ್ಟಿ ಕಟ್ಟಿಕೊಂಡು, ಒಂದೇ ಕೈಯಲ್ಲಿ, ಹೊಂಬಾಳೆಯ ದೋಣಿಯನ್ನಿಟ್ಟು ಹೇಳಿದಳು. ನಡುವೆ ಒಮ್ಮೆ ನೀರು ಕೇಳಿದಳು. ನನಗೆ ಇಲಾಖೆಯಿಂದ ನೋಟಿಸು ಬಂತು, ಉತ್ತರ ಕೊಟ್ಟೆ, ಕೆಲಸ ಉಳಿಯಿತು. ರೂತಮ್ಮನ ಪಕ್ಕೆಲುಬಿಗೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಅವರಿಗೆ ಮನೆ ಮುರಿದದ್ದಕ್ಕೆ ಕ್ಷಮಿಸಿ ಎಂದೆ. “ನಮ್ಮ ಮನೆಯಲ್ಲಿ ಅಮ್ಮನಿಗೂ ಏಟು ಬೀಳುತ್ತಿತ್ತು. ಗೊಂಬೆಗಳಿಂದ ನಾನು ಅದನ್ನೇ ಆಡುತ್ತಿದ್ದೆ. ನೋಡಿದವರು ‘ಎಷ್ಟು ಚೆನ್ನಾಗಿ ಆಡುತ್ತಾಳೆ’ ಎನ್ನುತ್ತಿದ್ದರು,” ಎಂದರು. ಇಷ್ಟು ವರ್ಷ ಹೇಳಿದ್ದ ಆಟಿಕೆಯ ಕಥೆಗಳಲ್ಲಿ ಇದೊಂದನ್ನು ಅವರು ಬಿಟ್ಟಿದ್ದರು.

ಗಣಪತಿ ಬಿಡುಗಡೆಯಾಗಿ ತಂಗಿಯ ಮಗಳನ್ನು ಕರೆದೊಯ್ಯಲು ಬಂದ ದಿನ ನನ್ನ ಅಂಗೈಯ ಹೊಲಿಗೆ ಬಿಚ್ಚಿರಲಿಲ್ಲ. ಬಲಗಿವಿ ಕೇಳಿಸದ ಕಾರಣ ಅವನು ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಕೂತ. ಮುಂದಿನ ಎರಡು ಹಲ್ಲಿಲ್ಲದ ಬಾಯಿ. ನಾನು ಬಿಳಿ ತೊಟ್ಟಿಯ ವಿಷಯ ತಿಳಿಸಿ, ಎರಡು ದಿನದಿಂದ ಜೋಡಿಸಿಟ್ಟಿದ್ದ ಕ್ಷಮೆಯ ಮಾತು ಹೇಳಿದೆ. ಅವನು ಚಹಾ ಮುಟ್ಟಲಿಲ್ಲ.

“ನಿಮ್ಮ ಕಾಗದ ವಕೀಲ್ರು ನಂಗೆ ಓದಿ ಹೇಳಿದ್ರು ಅಕ್ಕೋರೆ,” ಎಂದ. “ಹುಡ್ಗಿ ತೋರ್ಸ್ತು ಹೇಳಿ ಅದ್ರಲ್ಲಿತ್ತು. ಪವಿಯೇ ನನ್ ಹೆಸ್ರು ಹೇಳ್ತೋ ಏನೋ ಹೇಳಿ ನಾ ಜೈಲಲ್ಲಿ ಅತ್ತೆ. ಹೊಡ್ತಕ್ಕೆ ಅಳ್ಲಿಲ್ಲ, ಅದಕ್ಕೆ ಅತ್ತೆ.” ಆಮೇಲೆ ಕೇಳಿದ: “ಆ ಬಿಳೀದು ಎಂತ ಹೇಳಿ ನೀವು ಅವ್ಳ ಹತ್ರ ಕೇಳಿದ್ರಾ?”

“ಇಲ್ಲ,” ಎಂದೆ.

ಅವನು ತಲೆಯಾಡಿಸಿದ. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದ ಮಗುವಿಗೆ ತಲೆಯಾಡಿಸುವ ಹಾಗೆ. ಪವಿಯನ್ನು ಎತ್ತಿ ಎಡಗಡೆಯ ಹೆಗಲಿಗೆ, ಕೇಳಿಸುವ ಕಿವಿಯ ಕಡೆಗೆ, ಹಾಕಿಕೊಂಡು ಹೋದ. ಅವಳು ಅವನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು.

ಅಂದಿನಿಂದ ನನ್ನ ಕೋಣೆಯಲ್ಲಿ ಮೊದಲ ದಿನ ಆಟವಿಲ್ಲ. ಮಗು ಒಂದೊಂದೇ ವಸ್ತುವನ್ನು ಎತ್ತಿ ಅದು ಏನೆಂದು ಹೇಳಬೇಕು. ಹೇಳದಿದ್ದರೆ ಹೇಳುವವರೆಗೆ ನಾನು ಕಾಯುತ್ತೇನೆ. ತಗಡಿನ ಮನೆ ಈಗ ಇಲ್ಲ, ಬಿಳಿ ತೊಟ್ಟಿ ಮಾತ್ರ ಉಳಿದಿದೆ. ಅದಕ್ಕೆ ಮಕ್ಕಳು ಕೊಟ್ಟ ಹೆಸರುಗಳಿಗೆಂದೇ ನೋಟುಬುಕ್ಕಿನಲ್ಲಿ ಒಂದು ಪುಟ ಇಟ್ಟಿದ್ದೇನೆ: ದೋಣಿ, ದನಕ್ಕೆ ಅಕ್ಕಚ್ಚು ಇಡುವ ಬಾನಿ, ಐಸ್ ಪೆಟ್ಟಿಗೆ, ಕೂಸಿನ ತೊಟ್ಟಿಲು, ಆಯಿಯನ್ನು ಹೊತ್ತುಕೊಂಡು ಹೋದದ್ದು. ಮಗು ಸುಳ್ಳು ಆಡುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಿಜ. ಆದರೆ ಅದು ಯಾವ ವಸ್ತುವಿನಿಂದ ಆಡುತ್ತಿದೆ ಎಂದು ನಾವು ಊಹಿಸಬಾರದು, ಕೇಳಬೇಕು. ಒಬ್ಬ ಮನುಷ್ಯನ ನಲವತ್ತೊಂದು ದಿನ ಕಳೆದ ಮೇಲೆ ನಾನು ಕಲಿತದ್ದು ಇಷ್ಟು.